ನಡುಕ ನಿಲ್ಲುವವರೆಗೆ ಕಾಯುವ ಕ್ಷೌರಿಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವ್ಯಸನಮುಕ್ತಿ ಕೇಂದ್ರದ ಹಿಂಬದಿಯ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಮಗ್ ಬಿಸಿನೀರು. ಕುರ್ಚಿಯಲ್ಲಿ ಕೂತವನು ಕುಡಿತ ಬಿಟ್ಟು ಇಂದಿಗೆ ಮೂರನೇ ದಿನ. ಗದ್ದ ತಾನೇ ತಾನಾಗಿ ಅದುರುತ್ತಿದೆ. ನೊರೆ ಹಚ್ಚಿ ಮುಗಿಸಿದ ಕ್ಷೌರಿಕ ಅವನ ತಲೆಯನ್ನು ಎಡಗೈಯಿಂದ ತನ್ನ ಹೊಟ್ಟೆಗೆ ಆನಿಸಿಕೊಂಡು ಸುಮ್ಮನೆ ನಿಂತಿದ್ದಾರೆ. ಕತ್ತಿ ಕೆನ್ನೆಗೆ ತಾಗಿಲ್ಲ.

“ಕೊಯ್ದುಬಿಟ್ರೆ?” ಎಂದು ಕೂತವನು ಕೇಳುತ್ತಾನೆ.

“ನೀವು ನಡುಗಿ, ಪರವಾಗಿಲ್ಲ. ನಂಗೇನು ಬಸ್ಸು ತಪ್ಪಿಹೋಗುತ್ತಾ?”

ಈ ಕ್ಷೌರಿಕರನ್ನು ಗಿರಾಕಿಗಳು ಕರೆಯುವುದು ‘ಚಿಕ್ಕೋನು’ ಎಂದೇ. ಐವತ್ತು ದಾಟಿದೆ, ತಲೆ ಅರ್ಧ ಬೆಳ್ಳಗಾಗಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ‘ದೊಡ್ಡೋನು’ ಎಂದರೆ ಅವರ ಅಣ್ಣ. ಅಪ್ಪ ಬೇಗ ತೀರಿಕೊಂಡಾಗ ಕಟಿಂಗ್ ಶಾಪನ್ನೂ ತಮ್ಮನನ್ನೂ ಎತ್ತಿ ನಿಲ್ಲಿಸಿದವನು. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ಬೋಳಿಸುವುದನ್ನು ಕಲಿಸಿದವನು.

“ಎಷ್ಟು ಬಲೂನು ಒಡೆದೆನೋ! ಒಡೆದಾಗೆಲ್ಲ ಅಣ್ಣ ‘ಗಿರಾಕಿ ಹೋದ’ ಅಂತ ಕೈ ಮುಗೀತಿದ್ದ” ಎಂದು ನಗುತ್ತಾರೆ. ನಗು ಬಹಳ ಹೊತ್ತು ಉಳಿಯುವುದಿಲ್ಲ.

“ಆಮೇಲಾಮೇಲೆ ಬೆಳಿಗ್ಗೆ ಅವನ ಕೈಯೇ ನಡುಗೋದು. ಒಂದು ಗುಟುಕು ಒಳಗೆ ಹೋದ್ರೆ ಕಲ್ಲಿನ ಹಾಗೆ ನಿಲ್ಲೋದು. ಗಿರಾಕಿಗಳು ‘ಮೊದಲು ಗಾಡಿಗೆ ಪೆಟ್ರೋಲ್ ಹಾಕಿ, ಆಮೇಲೆ ಕತ್ತಿ ಕೊಡಿ’ ಅಂತ ತಮಾಷೆ ಮಾಡೋರು. ನಾವೆಲ್ಲ ನಗ್ತಿದ್ವಿ. ಅಣ್ಣನೂ ನಗ್ತಿದ್ದ.”

ಇದೇ ಕೇಂದ್ರಕ್ಕೆ ಅಣ್ಣನನ್ನು ಎರಡು ಸಲ ಸೇರಿಸಿದ್ದರು. ಎರಡನೇ ಸಲ ಹೊರಬಂದ ಮೇಲೆ ಅರ್ಧ ವರ್ಷ ಮುಟ್ಟಲಿಲ್ಲ. ಮನೆಯವರು ನೆಮ್ಮದಿಯ ಉಸಿರು ಬಿಟ್ಟರು. ಒಂದು ದಿನ, ಅರ್ಧ ಕತ್ತರಿಸಿದ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, “ಟೀ ಕುಡಿದು ಬರ್ತೀನಿ” ಎಂದು ಎದ್ದುಹೋದವನು ಸಂಜೆಯಾದರೂ ಬರಲಿಲ್ಲ. ಅಲ್ಲಿಂದ ಮುಂದೆ ಇಳಿಜಾರು. ಕೊನೆಗೆ ಆಸ್ಪತ್ರೆಯ ಮಂಚ, ಹಳದಿ ಕಣ್ಣು, ಊದಿದ ಹೊಟ್ಟೆ.

“‘ಗಡ್ಡ ತೆಗಿಯೋ, ಭಿಕ್ಷುಕನ ಥರ ಕಾಣ್ತೀನಿ’ ಅಂದ. ನರ್ಸಮ್ಮ ಬಿಡ್ಲಿಲ್ಲ. ಲಿವರ್ ಹೋಗಿದೆ, ಸಣ್ಣ ಗಾಯ ಆದ್ರೂ ರಕ್ತ ನಿಲ್ಲಲ್ಲ ಅಂದ್ರು. ಅವನು ದಿನಾ ಕೇಳ್ತಿದ್ದ. ನಾನು ದಿನಾ ‘ನಾಳೆ’ ಅಂತಿದ್ದೆ. ಮಾಡಿದ್ದು ಸತ್ತ ಮೇಲೆ.” ಬ್ರಷ್ಷನ್ನು ಮಗ್ಗಿನಲ್ಲಿ ಅದ್ದಿ ತೆಗೆಯುತ್ತಾರೆ. “ಆಗ ಯಾರೂ ಬೇಡ ಅನ್ಲಿಲ್ಲ.”

ಅಂದಿನಿಂದ ಅಂಗಡಿಯ ವಾರದ ರಜೆಯ ದಿನ ಅವರು ಈ ಕೇಂದ್ರದಲ್ಲಿ ಹಾಜರು. ಒಳಗಿರುವವರ ಕೈಗೆ ಬ್ಲೇಡು ಕೊಡುವಂತಿಲ್ಲ. ಹಾಗಾಗಿ ಮೊದಲೆಲ್ಲ ಗಡ್ಡ ಬೆಳೆದಷ್ಟು ಬೆಳೆಯುತ್ತಿತ್ತು. ಮಧ್ಯಾಹ್ನದೊಳಗೆ ಇಪ್ಪತ್ತು ಮುಖಗಳಾದರೂ ಆಗುತ್ತವೆ. ಕೆಲವರು ಬೈಯುತ್ತಾರೆ, ಕೆಲವರು ನೊರೆಯೊಳಗೇ ಅಳುತ್ತಾರೆ. ಒಬ್ಬ ಕತ್ತಿ ಕಸಿಯಲು ಬಂದಿದ್ದ. ಚಿಕ್ಕೋನ ಹೆಬ್ಬೆರಳ ಬುಡದಲ್ಲಿ ಆ ಗಾಯದ ಗೆರೆ ಇನ್ನೂ ಇದೆ.

ಅಣ್ಣನ ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. “ಒಬ್ಬ ಕುಡುಕನ ಹಿಂದೆ ಓಡಿದ್ದು ಸಾಲ್ದು ಅಂತ ಈಗ ಊರೋರ ಹಿಂದೆಲ್ಲ ಓಡ್ತಾನೆ” ಎಂದು ಸಿಡುಕುತ್ತಾರೆ. ಆದರೆ ಟವೆಲ್‌ಗಳನ್ನು ಒಗೆದುಕೊಡುವವರು ಆ ಅತ್ತಿಗೆಯೇ. “ಅಲ್ಲಿಂದ ಬಂದಿದ್ದನ್ನ ಬೇರೆ ಬಕೆಟ್‌ನಲ್ಲಿ ನೆನೆಸ್ತೀನಿ. ಆ ಬೆವರಿನ ವಾಸನೆ ನಂಗೆ ಗೊತ್ತು.”

ಕ್ಷೌರದಿಂದ ಯಾರಾದರೂ ಉದ್ಧಾರವಾಗುತ್ತಾರೆಂಬ ಭ್ರಮೆ ಚಿಕ್ಕೋನಿಗೂ ಇಲ್ಲ. “ಹೋದೋರು ಎಷ್ಟೋ ಜನ ವಾಪಸ್ ಬರ್ತಾರೆ. ಕೆಲವರ ಸುದ್ದಿ ಮಾತ್ರ ಬರುತ್ತೆ.”

ಆಸೆ ಏನಾದರೂ ಇದೆಯೇ ಎಂದರೆ ಕತ್ತಿ ಒರೆಸುತ್ತಾ ಹೇಳುತ್ತಾರೆ:

“ಇಲ್ಲಿಂದ ಹೋದೋನು ಒಬ್ಬನಾದ್ರೂ ನನ್ನ ಅಂಗಡಿಗೆ ಬರ್ಬೇಕು. ಇದುವರೆಗೆ ಯಾರೂ ಬಂದಿಲ್ಲ, ನಾಚಿಕೆ ಇರ್ಬೇಕು. ಬಂದ್ರೆ ನಾನು ಗುರುತೇ ಇಲ್ಲದೋನ ಹಾಗೆ ಇರ್ತೀನಿ. ‘ಹೊಸಬರಾ? ಕೂತ್ಕೊಳಿ’ ಅಂತೀನಿ, ಅಷ್ಟೆ.”