ರಿಪೆಲ್ ಕಲಿಸಿದ ಟೀಚರು

ಮೊನ್ನೆ ಸೊಳ್ಳೆ ಕಾಟ ತಡೆಯಲಾರದೆ ಮಗಳು ಒಂದು ಔಷಧಿ ತಂದಳು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು. ಡಬ್ಬಿಯ ಮೇಲಿನ ದಪ್ಪ ಇಂಗ್ಲಿಷ್ ಅಕ್ಷರ ಕನ್ನಡಕವಿಲ್ಲದೆಯೂ ಓದಲು ಬಂತು, ದೇವರ ದಯೆ. ರಿಪೆಲೆಂಟ್ ಎಂದಿತ್ತು. ಡಬ್ಬಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ… ರಿಪೆಲ್ ಅಂದರೇನೆಂದು ನನಗೆ ಕಲಿಸಿದವರು ಒಬ್ಬರಿದ್ದರು.

ಐವತ್ತರ ದಶಕದ ಕೊನೆಯ ಮಾತು. ಆಗ ನಾವು ಹೊಳೆನರಸೀಪುರದಲ್ಲಿದ್ದೆವು. ಇಂಗ್ಲಿಷಿನಲ್ಲಿ ನಾನು ತೀರಾ ಹಿಂದೆ. ಎಸ್ಸೆಸ್ಸೆಲ್ಸಿ ಆದರೂ ದಾಟಲಿ ಎಂದು ಅಪ್ಪ ನಮ್ಮ ಸ್ಕೂಲಿನ ಇಂಗ್ಲಿಷ್ ಟೀಚರನ್ನು ಸಂಜೆ ಮನೆಗೆ ಬಂದು ಹೇಳಿಕೊಡಿ ಎಂದು ಕೇಳಿಕೊಂಡರು. ಟೀಚರು ಕ್ರೈಸ್ತರು, ಒಂಟಿ ಹೆಂಗಸು. ಮಳೆ ಇರಲಿ ಬಿಡಲಿ, ಕೈಯಲ್ಲೊಂದು ಕೊಡೆ.

ಅವರು ಹೊಸಿಲು ದಾಟುವುದು ನಮ್ಮಜ್ಜಿಗೆ ಆಗದು. “ಬನ್ನಿ ಟೀಚರಮ್ಮ, ಒಳ್ಗೆ ಸೆಕೆ. ಜಗ್ಲಿ ಮ್ಯಾಲೆ ಗಾಳಿ ಚೆನ್ನಾಗದೆ, ಅಲ್ಲೇ ಕುಂತ್ಕಳಿ” ಎನ್ನುವಳು. ಗಡಗಡ ನಡುಗುವ ಚಳಿಯಲ್ಲೂ ಅದೇ ಮಾತು! ಅವರು ಎದ್ದು ಹೋದ ಮೇಲೆ ಜಗುಲಿಗೆ ಒಂದು ಬಿಂದಿಗೆ ನೀರು. ನಾನು ಮುಖ ಊದಿಸಿಕೊಂಡರೆ, “ಧೂಳು ಕಣೇ, ಧೂಳು” ಎಂಬ ಸಮಜಾಯಿಷಿ ಬೇರೆ. ಟೀಚರಿಗೆ ತಿಳಿಯದ್ದೇನಲ್ಲ. ಒಂದು ಸಂಜೆ ಬೀದಿಯಿಂದಲೇ ತಿರುಗಿ ಕೂಗಿದರು: “ಅಜ್ಜಿ, ನನ್ನ ದೆಸೆಯಿಂದ ನಿಮ್ಮ ಜಗ್ಲಿಗೆ ದಿನಾ ಸ್ನಾನ!” ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಕ್ಕು, ನೀರು ಸುರಿದಳು.

ಟೀಚರ ಪಾಠ ದಿನಕ್ಕೊಂದು ಪದ. ಅರ್ಥ ಬಾಯಿಪಾಠ ಮಾಡಿದರೆ ಸಾಲದು. ಮನೆಯಲ್ಲಿ ಕಂಡದ್ದನ್ನೇ ಹಿಡಿದು ವಾಕ್ಯ ಬರೆಯಬೇಕು. ರಿಪೆಲ್ ಬಂದ ದಿನ ಬಚ್ಚಲ ಹಿಂದಿನಿಂದ ಕೆಸುವಿನೆಲೆ ತರಿಸಿ ಅದರ ಮೇಲೆ ನೀರು ಚಿಮುಕಿಸಿದರು. ಹನಿಗಳು ಅಂಟದೆ ಉರುಳಿಹೋದವು. ಎಲೆ ನೀರನ್ನು ರಿಪೆಲ್ ಮಾಡಿತು ನೋಡು ಎಂದರು. ಮೇಲೆ ಬಿದ್ದ ದಂಡನ್ನು ಕೋಟೆಯವರು ಹಿಂದಕ್ಕೆ ಅಟ್ಟಿದರೆ ಅದೂ ರಿಪೆಲ್. ಕೆಟ್ಟ ವಾಸನೆಗೆ ಹೊಟ್ಟೆ ತೊಳಸಿ ನಾವು ದೂರ ಸರಿದರೆ, ಆ ವಾಸನೆ ನಮ್ಮನ್ನು ರಿಪೆಲ್ ಮಾಡಿದ ಹಾಗೆ.

ಅಜ್ಜಿಯ ಮೇಲಿನ ಸಿಟ್ಟಿಗೆ ನಾನು ಬರೆದೆ: ನಮ್ಮಜ್ಜಿ ನಮ್ಮ ಟೀಚರನ್ನು ಹೊಸಿಲಿನಿಂದ ರಿಪೆಲ್ ಮಾಡುತ್ತಾಳೆ. ಪುಸ್ತಕ ಅವರ ಕೈಗಿಟ್ಟೆ. ಇನ್ನು ಇವರು ಬರುವುದಿಲ್ಲ ಅಂದುಕೊಂಡೆ. ಟೀಚರು ಎರಡು ಸಲ ಓದಿದರು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.

“ತಪ್ಪು. ಅಟ್ಟಿಸಿಕೊಂಡವರು ಹಿಂದಕ್ಕೆ ಹೋದ್ರೆ ತಾನೇ ರಿಪೆಲ್? ನಾನೆಲ್ಲಿ ಹೋದೆ? ನಾಳೆನೂ ಬರ್ತೀನಿ ಕಣೆ. ಬೇರೆ ವಾಕ್ಯ ಬರಿ.”

ಬಂದರು. ಎರಡು ವರ್ಷ ಬಂದರು. ನಾನು ಪಾಸಾದೆ, ಅದು ಅವರ ಪುಣ್ಯ. ಆಮೇಲೆ ಅವರಿಗೆ ಅರಕಲಗೂಡಿಗೆ ವರ್ಗವಾಯಿತು. ನನಗೆ ಚನ್ನರಾಯಪಟ್ಟಣದ ಗಂಡು ಗೊತ್ತಾಯಿತು.

ಮದುವೆಗೆ ಬಸ್ಸು ಹಿಡಿದು ಬಂದರು, ತಾವೇ ಹೆಣೆದ ಕ್ರೋಷಾ ಬಟ್ಟೆ ತೆಗೆದುಕೊಂಡು. ಊಟದ ಹೊತ್ತಿಗೆ ಅಜ್ಜಿಯೇ ಚಪ್ಪರದ ಕೊನೆಯಲ್ಲಿ ಚಾಪೆ ಹಾಸಿ ಅವರಿಗೆ ಎಲೆ ಹಾಕಿಸಿದಳು. ಅದು ಗಂಡಿನ ಸೋದರತ್ತೆಯ ಕಣ್ಣಿಗೆ ಬಿತ್ತು.

“ಅಲ್ ಕುಂತಿರೋ ಆಯಮ್ಮ ಯಾರವ್ವಾ? ನಿಮ್ಮೋರಾ?” ಎಲ್ಲರೆದುರಿಗೆ ನನ್ನನ್ನೇ ಕೇಳಿದರು.

ಹೊಸ ಮನೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. “ಯಾರೋ… ನಂಗೊತ್ತಿಲ್ಲ” ಅಂದೆ.

ಟೀಚರಿಗೆ ಕೇಳಿಸಿತು. ಎಲೆಗೆ ಇನ್ನೂ ಉಪ್ಪು ಬಿದ್ದಿತ್ತಷ್ಟೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅಜ್ಜಿ ಬೀದಿಯವರೆಗೂ ಓಡಿದಳು. “ಉಣ್ಣದೆ ಓಗ್ಬ್ಯಾಡಿ ಟೀಚರಮ್ಮ! ನಮ್ ಮಗೀಗೆ ಅಕ್ಸರ ಕಲ್ಸಿದೋರು ಹಸ್ಕಂಡು ಒಂಟೋದ್ರೆ ನಮ್ಗೆ ಒಳ್ಳೇದಾದದಾ?” ಅವರು ಅಜ್ಜಿಯ ಕೈ ಹಿಡಿದು ಏನೋ ಹೇಳಿ ನಡೆದರು. ಅಜ್ಜಿ ಆಮೇಲೆ ಆ ಕೈ ತೊಳೆದುಕೊಂಡಳೋ ಇಲ್ಲವೋ… ನಾನು ನೋಡಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ.

ಅಜ್ಜಿಯ ಬಿಂದಿಗೆ ನೀರಿಗೆ ಜಗ್ಗದವರು ನನ್ನ ಒಂದು ಮಾತಿಗೆ ಹೊರಟುಹೋದರು. ಮತ್ತೆ ಬರಲಿಲ್ಲ. ಕಾಗದ ಬರೆಯೋಣವೆಂದು ಎಷ್ಟು ಸಲ ಕೂತೆನೋ, ಅಷ್ಟೂ ಸಲ ಎದ್ದೆ. ಮಗಳು ಹುಟ್ಟಿದ ಮೇಲೆ ಧೈರ್ಯ ಮಾಡಿ ಅರಕಲಗೂಡಿಗೆ ಹೋದೆ. ಅವರಿದ್ದ ಮನೆಯಲ್ಲಿ ಬೇರೆ ಸಂಸಾರವಿತ್ತು. ಕಾಯಿಲೆಯಾಗಿ ಹಿಂದಿನ ವರ್ಷವೇ ತೀರಿಕೊಂಡರಂತೆ ಎಂದು ಆ ಮನೆಯ ಹೆಂಗಸು ಹೇಳಿ, ನನಗೆ ಕುಡಿಯಲು ನೀರು ಕೊಟ್ಟರು.

ಈಗ ಹಾಸನದಲ್ಲಿ ಮಗಳ ಮನೆಯಲ್ಲಿದ್ದೇನೆ. ಬೆಳಿಗ್ಗೆ ದೀಪ ಹಚ್ಚಿ ದೇವರು ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ನಡೆಯುವ ಕಾಲು, ಹೊತ್ತಿಗೆ ಊಟ, ಕೂಗಿದರೆ ಓಗೊಡುವ ಮಗಳು… ಅದರ ಜೊತೆಗೆ ಟೀಚರನ್ನೂ. ನರಸಿಂಹಸ್ವಾಮಿಯ ಪಟದ ಮುಂದೆ ತಮ್ಮನ್ನು ನೆನೆಯುವುದು ಅವರಿಗೆ ಒಪ್ಪಿಗೆಯೋ ಏನೋ, ಕೇಳೋಣವೆಂದರೆ ಅವರಿಲ್ಲ. ಅವರು ನನ್ನ ಟೀಚರು ಎಂದು ಬಾಯಿಬಿಟ್ಟೇ ಹೇಳುತ್ತೇನೆ. ಅವತ್ತು ಹೊರಡದ ಮಾತು ಈಗ ಸಲೀಸಾಗಿ ಬರುತ್ತದೆ.