ಪರಸ್ಥಾನದ ಗಂಟು

ಹಣ್ಣಿನ ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಸಂಕ್ರಾಂತಿಯಿಂದ ಯುಗಾದಿಯವರೆಗೆ ಕಪ್ಪಾಗಿರುತ್ತಿತ್ತು. ಕರಿ ದ್ರಾಕ್ಷಿಯ ಗೊನೆಯನ್ನು ಎಡಗೈಯಲ್ಲಿ ತೂಗಿ ಹಿಡಿದು, ಒಡೆದ ಕಾಯಿ ಕಂಡಲ್ಲೆಲ್ಲ ಆ ಉಗುರಿನಿಂದ ಚಿವುಟಿ ತೆಗೆಯುತ್ತಿದ್ದರು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು, ಅದು ತೊಟ್ಟು ಕತ್ತರಿಸಲು ಮಾತ್ರ. "ಒಡದದ್ದು ಒಂದ ಬಿಟ್ರ ನಾಳಿಗೆ ಇಡೀ ಗೊನಿನ ಹೋಗತೈತ್ರಿ" ಎನ್ನುತ್ತಿದ್ದರು. ಪೆಟ್ಟಿಗೆ ಬಿಚ್ಚುವ ಮೊದಲೇ, ತಳದಲ್ಲಿ ಏನು ಕೊಳೆತಿದೆ ಎಂಬುದು ಅವರ ಮೂಗಿಗೆ ಗೊತ್ತಾಗುತ್ತಿತ್ತು.

ಹೆಂಡತಿ ತೀರಿಕೊಂಡ ಮೇಲೆ ಮುಂಡಗೋಡದ ಆ ಮನೆಯಲ್ಲಿ ಇರಲಾಗದೆ, ವರ್ಗ ಮಾಡಿಸಿಕೊಂಡು ಹಳಿಯಾಳದ ಗ್ರಂಥಾಲಯಕ್ಕೆ ಬಂದವನು ನಾನು. ಊರಿನಲ್ಲಿ ಮಾತಾಡಲು ಯಾರೂ ಇರಲಿಲ್ಲ. ಗ್ರಂಥಾಲಯದಲ್ಲಂತೂ ಮಾತಾಡಬಾರದೆಂದು ನಾನೇ ಬೋರ್ಡು ಬರೆಸಿದ್ದೆ. ಸಂಜೆ ಬಾಗಿಲು ಹಾಕಿ ಮನೆಗೆ ಹೋಗುವಾಗ ಕಾಕುವಿನ ಅಂಗಡಿಯಲ್ಲಿ ಒಂದು ಬಾಳೆಹಣ್ಣು ಕೊಳ್ಳುತ್ತಿದ್ದೆ. ಒಂದು ವಾರವಾದ ಮೇಲೆ ಅವರೇ ಕೇಳಿದರು.

"ಈ ಪ್ಯಾಟ್ಯಾಗ ದಿನಾ ಒಂದ ಬಾಳಿಹಣ್ಣ ಒಯ್ಯವ್ರು ನೀವ ಒಬ್ಬರ ನೋಡ್ರಿ ಸರ್ರ. ಮನ್ಯಾಗ ಯಾರೂ ಇಲ್ಲೇನು?"

ಇಲ್ಲ ಎಂದೆ.

"ನನ್ನ ಮನ್ಯಾಗೂ ಇಲ್ಲ. ಕುಂದರ್ರಿ" ಎಂದು ಖಾಲಿ ಕ್ರೇಟೊಂದನ್ನು ಬೋರಲು ಹಾಕಿದರು. ಆ ಕ್ರೇಟಿನ ಮೇಲೆ ನಾನು ನಾಲ್ಕು ವರ್ಷ ಕುಳಿತೆ.

ಅವರು ಲಿಂಗವಂತರು, ಹಣೆಯ ಮೇಲಿನ ವಿಭೂತಿ ಒಂದು ದಿನವೂ ತಪ್ಪಿದ್ದಿಲ್ಲ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಸನವಳ್ಳಿಯಲ್ಲಿ ಒಬ್ಬ ತಂಗಿಯಿದ್ದಳು. ಊರಿಗೆಲ್ಲ ಹಣ್ಣಿನ ಕಾಕು, ಎಂದರೆ ಚಿಕ್ಕಮ್ಮ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರಷ್ಟೇ, ಆದರೂ ನಾನೂ ಹಾಗೇ ಕರೆಯುತ್ತಿದ್ದೆ.

ಒಂದು ಸಲ ದ್ರಾಕ್ಷಿ ಪೆಟ್ಟಿಗೆಯೊಳಗೆ ಬಣ್ಣದ ಹಾಳೆಯೊಂದು ಬಂತು. ಹಿಂದೆ ಎತ್ತರದ ಬೆಟ್ಟ, ಮುಂದೆ ಸಾಲು ಸಾಲು ದ್ರಾಕ್ಷಿ ಬಳ್ಳಿ. ಕಾಕು ಅದನ್ನು ಅಂಗಡಿಯ ಹಲಗೆಗೆ ಅಂಟಿಸಿ, ಇದು ಎಲ್ಲಿಯದೆಂದು ಹುಡುಕಿ ಹೇಳಿ ಎಂದರು. ಎರಡು ದಿನ ಪುಸ್ತಕಗಳನ್ನು ಕೆದಕಿ ನಾಶಿಕದ ಸೀಮೆ ಎಂದು ಹೇಳಿದೆ. ಬೆಟ್ಟದ ಹೆಸರು ಕಳಸೂಬಾಯಿ, ಕಬ್ಬಿಣದ ಏಣಿ ಹತ್ತಿ ಹೋಗಬೇಕು, ತುದಿಯಲ್ಲಿ ದೇವಿಯ ಗುಡಿಯಿದೆ. ಅಲ್ಲಿಯ ತೋಟಗಳಲ್ಲಿ ವೈನ್ ಮಾಡುತ್ತಾರೆ, ಅದನ್ನು ನೋಡಲೆಂದೇ ಪಟ್ಟಣದ ಜನ ಹೋಗುತ್ತಾರೆ ಎಂಬುದನ್ನೂ ಸೇರಿಸಿದೆ.

ಕಾಕು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಂದ್ರ ಕೊಳಸತಾರಂತ ಆತಲ್ರಿ. ನಾ ಜಲಮೆಲ್ಲಾ ಕೊಳೀಬಾರದಂತ ಗುದ್ದ್ಯಾಡೇನಿ. ಅಲ್ಲಿ ಬೇಕಂತ ಕೊಳಸಿ, ಮ್ಯಾಲ ಮಂದಿನ ಕರದು ತೋರಸತಾರು." ಕಣ್ಣೊರೆಸಿಕೊಂಡು, "ನಲವತ್ತ ವರ್ಷ ದ್ರಾಕ್ಷಿ ಮಾರೇನ್ರಿ. ಬಳ್ಳ್ಯಾಗ ಒಂದ ಕಾಯಿ ನೋಡಿಲ್ಲ. ನಾವೂ ಹೋಗೂಣು. ಕುಡಿಯೂದ ಬ್ಯಾಡ, ಗುಡ್ಡಾ ಹತ್ತಿ, ಬಳ್ಳಿ ನೋಡಿ ಬರೂಣು" ಎಂದರು.

ಅಂದಿನಿಂದ ಸಂಜೆಯೆಲ್ಲ ಅದೇ ಮಾತು. ಅಳ್ನಾವರದಲ್ಲಿ ರೈಲು ಹತ್ತಿ ಪುಣೆ, ಅಲ್ಲಿಂದ ಬಸ್ಸಿನಲ್ಲಿ ನಾಶಿಕ. ಒಂದು ದಿನ ಬೆಟ್ಟಕ್ಕೆ, ಒಂದು ದಿನ ತೋಟಕ್ಕೆ. ಶಿವರಾತ್ರಿ ಮುಗಿದ ಮೇಲೆ, ಯುಗಾದಿಗೆ ಮೊದಲು. ಆದರೆ ಅದೇ ಕಾಲದಲ್ಲಿ ಪೇಟೆಗೆ ದ್ರಾಕ್ಷಿ ಬಂದು ಬೀಳುತ್ತದೆ. "ದ್ರಾಕ್ಷಿ ಇದ್ದಾಗ ನನಗ ಪುರಸೊತ್ತಿಲ್ಲ, ನನಗ ಪುರಸೊತ್ತಿದ್ದಾಗ ದ್ರಾಕ್ಷಿ ಇಲ್ಲ" ಎನ್ನುತ್ತಲೇ ಮೂರು ವಸಂತ ಕಳೆದವು. ನಿಜ ಹೇಳಬೇಕೆಂದರೆ ನನಗೆ ಬೇಸರವಾಗಿರಲಿಲ್ಲ. ಹೋಗಿ ಬಂದುಬಿಟ್ಟರೆ ಸಂಜೆಗೆ ಮಾತೆಲ್ಲಿಂದ ತರುವುದು?

ನಾಲ್ಕನೆಯ ವರ್ಷ ಕಾಕು ಗಟ್ಟಿ ಮನಸ್ಸು ಮಾಡಿದರು. ಐದು ದಿನ ಅಂಗಡಿ ನೋಡಿಕೊಳ್ಳಲು ಪಕ್ಕದ ತೆಂಗಿನಕಾಯಿಯವನನ್ನು ಒಪ್ಪಿಸಿದರು. ಕಾಲು ಪಳಗಲಿ ಎಂದು ಒಂದು ರವಿವಾರ ನನ್ನನ್ನು ಸೂಪಾ ಕಡೆಯ ಗುಡ್ಡಕ್ಕೆ ಹೊರಡಿಸಿದರು. ಅವರು ಸೀರೆಯ ಕಚ್ಚೆ ಬಿಗಿದು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಬಂಡೆಯೊಂದರ ಮೇಲೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ, "ಒಂದ ಬಾಳಿಹಣ್ಣ ತಿಂದ್ರ ಗುಡ್ಡ ಹತ್ತಾಕ ಆಗತೈತೇನ್ರಿ? ನಾಳಿಂದ ಎರಡ ಒಯ್ರಿ" ಎಂದರು. ಮರಳುವಾಗ ಜೊಯಿಡಾದಲ್ಲಿ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಎರಡು ತಾಸು ಕಾಯುತ್ತ ಒಂದೇ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಹಳಿಯಾಳದವರು ಯಾರೋ ನೋಡಿದರು.

ಮರುದಿನ ಸೋಮವಾರ. ಕಾಕು ಬಿಳಿ ಬಟ್ಟೆಯ ಚಿಕ್ಕ ಗಂಟೊಂದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. ನಮ್ಮ ಕಡೆ ಒಳ್ಳೆಯ ದಿನ ಒಂದು, ಹೊರಡುವ ದಿನ ಇನ್ನೊಂದು ಆದಾಗ, ಒಳ್ಳೆಯ ದಿನದಂದೇ ಇಂಥ ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಡುತ್ತಾರೆ. ಅದಕ್ಕೆ ಪರಸ್ಥಾನ ಎನ್ನುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಮುಂದೆ ಹೋಗಬೇಕೇ ಹೊರತು ಮನೆಗೆ ಮರಳಿ ಒಯ್ಯುವಂತಿಲ್ಲ.

"ಶಿವನ ಒಕ್ಕಲಿಗೆ ಎಲ್ಲಾ ದಿನಾನೂ ಒಳ್ಳೇವ ಅಲ್ಲೇನ್ರಿ ಕಾಕೂ?" ಎಂದು ಕೆಣಕಿದೆ.

"ದಿನಾ ಒಳ್ಳೇವ ರೀ. ಮನಿಶ್ಯಾನ ಮನಸ್ಸ ಗಟ್ಟಿ ಇರೂದಿಲ್ಲ, ಅದಕ್ಕ ಗಂಟ ಕಟ್ಟೂದು" ಎಂದು ಅದನ್ನು ನನ್ನ ಹೆಂಡತಿಯ ಫೋಟೋದ ಕೆಳಗಿಟ್ಟು ಹೋದರು.

ಶುಕ್ರವಾರ ಹೊರಡಬೇಕು. ಬುಧವಾರ ನನ್ನ ರಜೆ ಮಂಜೂರಾಯಿತು. ಗುರುವಾರ ಚಹಾದಂಗಡಿಗೆ ಹೋದಾಗ ಒಳಗಿನ ಬೆಂಚಿನಿಂದ ಮಾತು ಕೇಳಿಸಿತು. "ಲೈಬ್ರರಿ ಸರ್ರು ಹಣ್ಣಿನ ಕಾಕೂನ ವೈನ ಕುಡಸಾಕ ಕರಕೊಂಡ ಹೊಂಟಾರಂತ. ಇಬ್ಬರ ಹೊಂಟಾರ ನೋಡಪಾ." ನಗೆ ಎದ್ದಿತು. ನಾನು ಚಹಾ ಕುಡಿದು ಎದ್ದು ಬಂದೆ. ಹುಲಿ ಹಿಡಿಯುವಷ್ಟು ಧೈರ್ಯವೇನೂ ಬೇಕಿರಲಿಲ್ಲ, ಹೌದಪ್ಪ ಹೊರಟಿದ್ದೇವೆ ಎಂದಿದ್ದರೆ ಸಾಕಿತ್ತು.

ಸಂಜೆ ಕಾಕುವಿನ ಮುಂದೆ ನಿಂತು ರಜೆ ಸಿಗಲಿಲ್ಲ ಎಂದೆ.

ಪಕ್ಕದಲ್ಲಿ ಹೊಸ ಕತ್ತರಿಯೊಂದಿತ್ತು. ಕೈಯಲ್ಲಿದ್ದ ಗೊನೆಯಿಂದ ಒಂದು ಕಾಯಿ ಚಿವುಟಿ ಬಿಸಾಡಿದರು. "ಆತು ಬಿಡ್ರಿ. ಮುಂದಿನ ವರ್ಷ ದ್ರಾಕ್ಷಿ ಬರತೈತಲ್ಲ" ಎಂದರು. ಗಂಟು ತಂದುಕೊಡಲೇ ಎಂದು ಕೇಳಿದೆ. "ಬ್ಯಾಡ್ರಿ. ಹೊಂಟವರು ಹಿಂದಕ್ಕ ತಿರಗಬಾರದು. ನಿಮ್ಮನ್ಯಾಗ ಇರ್ಲಿ." ಎರಡು ಬಾಳೆಹಣ್ಣು ಎಂದಿನಂತೆ ಕಾಗದದಲ್ಲಿ ಸುತ್ತಿ ಕೊಟ್ಟರು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಗೆ ಹೊಟ್ಟೆಬೇನೆ ಶುರುವಾಯಿತು. ದೀಪಾವಳಿಗೆ ಮೊದಲು ಅಂಗಡಿ ಮುಚ್ಚಿ ಸನವಳ್ಳಿಯ ತಂಗಿಯ ಮನೆ ಸೇರಿದರು. ನೋಡಲು ಹೋದೆ. ಗೋಡೆಗೆ ಒರಗಿ ಕುಳಿತಿದ್ದರು, ಉಗುರು ಬೆಳ್ಳಗಾಗಿತ್ತು. ತಂಗಿ ಚಹಾ ತರಲು ಒಳಗೆ ಹೋದಾಗ ಮೆಲ್ಲಗೆ ಹೇಳಿದರು.

"ನಿಮ್ಮ ರಜಾ ಮಂಜೂರಾಗಿದ್ದು ನನಗ ಗೊತ್ತಿತ್ತ ರೀ ಸರ್ರ. ನಿಮ್ಮ ಲೈಬ್ರರಿ ಸಿಪಾಯಿ ಬುಧವಾರನ ಹೇಳಿದ್ದ."

ನನಗೆ ತಲೆಯೆತ್ತಲಾಗಲಿಲ್ಲ. "ಮತ್ತ ಅವತ್ತ ಯಾಕ ಬೈಲಿಲ್ಲ ಕಾಕೂ?"

"ಬೈದಿದ್ರ ನೀವು ಮರುದಿನದಿಂದ ಹಣ್ಣಿಗೂ ಬರತಿರಲಿಲ್ಲ."

ಪೇಟೆಗೆ ಮೊದಲ ದ್ರಾಕ್ಷಿ ಬರುವ ಮುನ್ನವೇ ಕಾಕು ಹೋದರು. ಮಣ್ಣಿಗೆ ಹೋಗಿ ಬಂದು, ಫೋಟೋದ ಕೆಳಗಿನ ಗಂಟು ಬಿಚ್ಚಿದೆ. ಹುಳ ಹಿಡಿದ ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಜೊತೆಗೆ ಒಂದು ಹಳೆಯ ಕತ್ತರಿ. ಅಂಗಡಿಗೆ ಹೊಸದು ತಂದದ್ದೇಕೆಂದು ಆಗ ತಿಳಿಯಿತು. ಹಾಗೇ ಮತ್ತೆ ಕಟ್ಟಿಟ್ಟೆ.

ಈ ವರ್ಷ ಶಿವರಾತ್ರಿ ಮುಗಿದ ವಾರಕ್ಕೆ ಗಂಟು ಎತ್ತಿಕೊಂಡು ಹೊರಟೆ. ಕಳಸೂಬಾಯಿಯ ಏಣಿಗಳಲ್ಲಿ ನನ್ನಷ್ಟು ಸಲ ನಿಂತವರು ಇನ್ನೊಬ್ಬರಿರಲಿಲ್ಲ. ಅರಿಶಿನ, ಅಡಿಕೆ ದೇವಿಗೆ ಕೊಟ್ಟು, ಅಕ್ಕಿಯನ್ನು ಗುಡಿಯ ಹಿಂದೆ ಹಕ್ಕಿಗಳಿಗೆ ಹಾಕಿದೆ. ಮರುದಿನ ತೋಟದಲ್ಲಿ, ಪಟ್ಟಣದಿಂದ ಬಂದವರೆಲ್ಲ ಗಾಜಿನ ಲೋಟ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ರಸ ಹುದುಗು ಬರಲು ಇಟ್ಟ ಕೋಣೆಯ ಬಾಗಿಲಲ್ಲಿ ನಿಂತೆ. ಕಾಕುವಿನ ಪೆಟ್ಟಿಗೆಯ ತಳದ ವಾಸನೆ ಅದು. ಅಲ್ಲಿಯೇ ಅತ್ತೆ. ಕೆಲಸದ ಹೆಂಗಸೊಬ್ಬಳು ಏನೆಂದು ಕೇಳಿದಳು. ಹರಕುಮುರುಕು ಮರಾಠಿಯಲ್ಲಿ ಹೇಳಿ ಕತ್ತರಿ ತೋರಿಸಿದೆ. ಸಾಲಿನೊಳಗೆ ಕರೆದೊಯ್ದು ಒಂದು ಗೊನೆ ಕತ್ತರಿಸಲು ಬಿಟ್ಟಳು.

ಊರಿಗೆ ಬಂದ ಮರುದಿನ ಚಹಾದಂಗಡಿಗೆ ಹೋದೆ. ಅದೇ ಒಳಬೆಂಚಿನವರು ಕೇಳಿದರು, "ಎಲ್ಲಿ ಹೋಗಿದ್ರಿ ಸರ್ರ ಐದ ದಿವಸ? ಯಾರ ಜೋಡಿ?"

"ನಾಶಿಕಕ್ಕ" ಎಂದೆ. "ಹಣ್ಣಿನ ಕಾಕೂ ಜೋಡಿ."

ಈ ಸಲ ಯಾರೂ ನಗಲಿಲ್ಲ. ಒಂದು ವರ್ಷದ ಹಿಂದೆ ಹೇಳಿದ್ದರೆ ನಗುತ್ತಿದ್ದರು, ಆದರೂ ಆಗಲೇ ಹೇಳಬೇಕಿತ್ತು.