ಯಾರ ಕಾಲೂ ಬೀಳದ ಜಾಗ

ಗ್ರೀನ್‌ಲ್ಯಾಂಡಿನ ಉತ್ತರ ತುದಿಯ ಊರಿನಲ್ಲಿ ಅರ್ನಾರುನಿಯಾಕ್ ಐವತ್ತು ವರ್ಷದಿಂದ ಸೀಲ್ ಚರ್ಮದ ಬೂಟು ಹೊಲಿಯುತ್ತಿದ್ದಳು. ಅಟ್ಟೆಯ ದಪ್ಪ ಚರ್ಮದ ಅಂಚನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ನೆರಿಗೆ ಹಿಡಿಸದಿದ್ದರೆ ಅಲ್ಲಿಯವರಿಗೆ ಅದು ಬೂಟೇ ಅಲ್ಲ. ಹಾಗಾಗಿ ಅವಳ ಮುಂದಿನ ಹಲ್ಲುಗಳು ಸವೆದು ಒಸಡಿಗೆ ಹತ್ತಿದ್ದವು.

ಆ ವಸಂತದಲ್ಲಿ ರೋಡೆ ಎಂಬ ಪರದೇಶದ ಅನ್ವೇಷಕ ಅವಳಿಂದ ಒಂದು ಜೊತೆ ಹೊಲಿಸಿಕೊಂಡು, ಅವಳ ತಮ್ಮ ಇನುತೆಕ್‌ನ ನಾಯಿಬಂಡಿಯಲ್ಲಿ ಹಿಮನದಿಯ ಕಡೆಗೆ ಹೋದ. ಹತ್ತು ದಿನ ಬಿಟ್ಟು ಬಂದವನೇ ಅವಳ ಮನೆಯಲ್ಲಿ ಕೂತು, ನೀಲಿ ಹಿಮಗೋಡೆಯ ಮುಂದೆ ತಾನು ನಿಂತಿರುವ ಫೋಟೋ ತೋರಿಸುತ್ತಾ ತನ್ನ ಭಾಷೆಯಲ್ಲಿ ಏನೋ ಕೊಚ್ಚಿಕೊಂಡ.

"ಏನಂತೋ ಇವಂದು?"

ಇನುತೆಕ್ ತಲೆ ತಗ್ಗಿಸಿದ. "ಅಲ್ಲಿ ಇಲ್ಲೀವರೆಗೂ ಮನುಷ್ಯರ ಕಾಲೇ ಬಿದ್ದಿರ್ಲಿಲ್ವಂತೆ ಅಕ್ಕ. ತಾನೇ ಮೊದಲಂತೆ."

"ಕರ್ಕೊಂಡ್ ಹೋದೋನು ನೀನು! ನಿಂದೇನು ನಾಯಿ ಕಾಲೇನೋ?"

ಅವಳು ಫೋಟೋ ಕಿತ್ತುಕೊಂಡು ನೋಡಿದಳು. ರೋಡೆ ಒಂದು ಕಾಲೂರಿ ನಿಂತಿದ್ದದ್ದು ಅವಳ ಅವ್ವನ ಗುಡಾರ ಗಾಳಿಗೆ ಹಾರದಂತೆ ಅಂಚಿನ ಸುತ್ತ ಹೇರಿದ್ದ ಕಲ್ಲೊಂದರ ಮೇಲೆ. ಅವಳು ಹುಟ್ಟಿದ್ದು ಅದೇ ಗುಡಾರದಲ್ಲಿ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಲದ ಮೇಲೆ ಕೂತವಳೇ ಅವನ ಕಾಲಲ್ಲಿದ್ದ, ತಾನೇ ಹೊಲಿದ ಎರಡೂ ಬೂಟು ಎಳೆದು ಕಿತ್ತಳು.

"ಅಕ್ಕ, ಬೇಡ..."

"ಬಾಯ್ಮುಚ್ಚು! ಇಷ್ಟು ಹೇಳು ಅವನಿಗೆ."

ಅವಳು ಬೂಟನ್ನು ಅವನ ಮೂಗಿನ ಹತ್ತಿರ ಹಿಡಿದು, ಅಟ್ಟೆಯ ನೆರಿಗೆಯಲ್ಲಿ ಸಾಲಾಗಿ ಮೂಡಿದ್ದ ಕಚ್ಚಿದ ಗುರುತುಗಳ ಮೇಲೆ ಬೆರಳಾಡಿಸಿದಳು.

"ಈ ಸಲಾನೂ ಅಲ್ಲಿ ಮೊದಲು ಊರಿದ್ದು ನನ್ನ ಹಲ್ಲು. ಇವನ ಕಾಲು ಇನ್ನೂ ಒಳಗಿತ್ತು."